ಮೂರನೇ ಪುಟದ ಅರವತ್ತು

ಆ ಸೋಮವಾರ ಬೆಳಗ್ಗೆ ಕರಡಪ್ಪ ಎರಡು ಪೆನ್ಸಿಲುಗಳ ಮೊನೆ ಚೂಪು ಮಾಡಿ, ಒಂದನ್ನು ತನ್ನ ಮುಂದೆಯೂ ಇನ್ನೊಂದನ್ನು ಎದುರಿನ ಕುರ್ಚಿಯ ಮುಂದೆಯೂ ಇಟ್ಟು, ಭಾವನಿಗಾಗಿ ಕಾಯುತ್ತ ಕುಳಿತಿದ್ದ. ಭಾವ ಎಂದರೆ ಅವನ ಅಕ್ಕನ ಗಂಡ. ಆರು ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಿ ಎದೆ ತೋರಿಸಿಕೊಂಡು ಬರುವುದು ಅವರ ರೂಢಿ. "ಆಸ್ಪತ್ರೆ ಮುಗಿಸ್ಕೊಂಡು ಹತ್ತಕ್ಕೆಲ್ಲ ಬಂದುಬಿಡ್ತೀನಿ, ಮೂರನೇ ಪುಟದಿಂದ ಹಿಡಿಯೋಣ" ಎಂದು ಶನಿವಾರ ಹೇಳಿ ಹೋಗಿದ್ದರು. ಹತ್ತು ಹೊಡೆಯಿತು. ಹತ್ತೂಕಾಲು ಆಯಿತು. ಬರಲಿ ಈ ಮನುಷ್ಯ, ಇವತ್ತು ಚೆನ್ನಾಗಿ ಕಾಲೆಳೆಯಬೇಕು ಎಂದು ಕರಡಪ್ಪ ಮಾತುಗಳನ್ನು ಜೋಡಿಸಿಕೊಳ್ಳುತ್ತಿದ್ದಾಗ ಫೋನ್ ಬಂತು.

"ತಮ್ಮಾ" ಎಂದಳು ಅಕ್ಕ. "ನಿಮ್ಮ ಭಾವ ಸರದಿಗೆ ಕೂತಿದ್ರು ಕಣೋ. ಕೂತಲ್ಲೇ ಹೋಗ್ಬಿಟ್ರು. ಪಕ್ಕದಲ್ಲಿದ್ದವರು ನಿದ್ದೆ ಹತ್ತಿದೆ ಅಂದ್ಕೊಂಡ್ರಂತೆ."

ಕರಡಪ್ಪ ಎದ್ದ. ಎದುರಿನ ಕುರ್ಚಿಯ ಮುಂದಿನ ಪೆನ್ಸಿಲನ್ನು ತೆಗೆದಿಡಲು ಕೈ ಬರಲಿಲ್ಲ. ಅದನ್ನು ಹಾಗೇ ಬಿಟ್ಟು, ಬಾಗಿಲು ಎಳೆದುಕೊಂಡು, ಕಟ್ಟಡದಲ್ಲಿ ಲಿಫ್ಟು ಇರುವುದನ್ನೂ ಮರೆತು ನಾಲ್ಕು ಮಹಡಿ ಮೆಟ್ಟಿಲಿಳಿದ.

ಕರಡಪ್ಪ ಎಂಬುದು ಭಾವ ಇಟ್ಟ ಅಡ್ಡಹೆಸರು. ಮೂವತ್ತೆಂಟು ವರ್ಷ ಅಚ್ಚುಕೂಟವೊಂದರಲ್ಲಿ ಕರಡು ತಿದ್ದಿದವನಿಗೆ ಬೇರೆ ಹೆಸರು ಹೊಂದುವುದೂ ಇಲ್ಲ. ಮದುವೆಯ ಕರೆಯೋಲೆಯಿಂದ ಹಿಡಿದು ದಪ್ಪ ನಿಘಂಟಿನವರೆಗೆ ಎಲ್ಲವೂ ಅವನ ಕಣ್ಣಡಿ ಹಾದುಹೋಗಿತ್ತು. ಹೋಟೆಲಿನಲ್ಲಿ ತಿಂಡಿಯ ಪಟ್ಟಿ ಕೈಗೆ ಕೊಟ್ಟರೂ ಮೊದಲು ಕಾಗುಣಿತ ನೋಡುತ್ತಿದ್ದ, ಹಸಿವು ಆಮೇಲೆ. ಭಾವ ಯಂತ್ರಗಳ ಒಳಗಿನ ಕೋಡ್ ಬರೆಯುವವರು. ನಿವೃತ್ತರಾದ ಮೇಲೆ ಆ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಒಂದು ಕೋಣೆ ಹಿಡಿದು, ಔಷಧಿ ಡಬ್ಬಿಯೊಂದನ್ನು ಮಾಡುವುದರಲ್ಲಿ ಮುಳುಗಿದ್ದರು. ಯೋಚನೆ ಅಕ್ಕನದು. ಅವಳು ಮೂವತ್ತು ವರ್ಷ ಔಷಧಿ ಅಂಗಡಿಯಲ್ಲಿ ನಿಂತವಳು. ಮುದುಕರು ಬೆಳಗಿನ ಮಾತ್ರೆಯನ್ನು ಸಂಜೆಗೂ ಸಂಜೆಯದನ್ನು ಮರುದಿನಕ್ಕೂ ನುಂಗುವುದನ್ನು ನೋಡಿ ನೋಡಿ ಸಾಕಾಗಿತ್ತು. ಹೊತ್ತಿಗೆ ಸರಿಯಾಗಿ ಡಬ್ಬಿಯೇ ಮಾತಾಡಿ ಮಾತ್ರೆ ನುಂಗಿಸಬೇಕು. ಅದರಲ್ಲಿ ಮಾತಾಡುವ ದನಿ ಭಾವನದೇ.

ಆ ಕೆಲಸಕ್ಕೆ ಕರಡಪ್ಪ ಸೇರಿಕೊಂಡ ಬಗೆ ಹೀಗೆ. ಆರು ವರ್ಷದ ಕೆಳಗೆ ಭಾವ ಒಂದು ದಿನ ಅವನನ್ನು ಕೂರಿಸಿಕೊಂಡು ಕೇಳಿದರು: "ಅಚ್ಚುಕೂಟದಲ್ಲಿ ನೀವು ತಪ್ಪು ಹುಡುಕೋದು ಹೇಗಯ್ಯಾ?"

"ಇಬ್ಬರು ಕೂರ್ತೀವಿ ಭಾವ. ಒಬ್ಬ ಮೂಲಪ್ರತಿ ಹಿಡ್ಕೊಂಡು ಗಟ್ಟಿಯಾಗಿ ಓದ್ತಾನೆ. ಇನ್ನೊಬ್ಬ ಕರಡಿನ ಮೇಲೆ ಪೆನ್ಸಿಲ್ ಇಟ್ಕೊಂಡು ಹೋಗ್ತಾನೆ. ಚುಕ್ಕೆ, ಕೊಂಬು, ಆವರಣ ಎಲ್ಲಾನೂ ಬಾಯಲ್ಲಿ ಹೇಳ್ಬೇಕು. ಕಣ್ಣು ಸುಳ್ಳು ಹೇಳುತ್ತೆ, ಕಿವಿ ಹೇಳಲ್ಲ."

"ಹಾಗಾದ್ರೆ ನಾಳೆಯಿಂದ ಬಾ" ಎಂದರು ಭಾವ.

ಮೊದಲ ದಿನವೇ ಕರಡಪ್ಪ ಒಂದು ಪುಟವೆಲ್ಲ ಗೀಚಿ ಕೊಟ್ಟ. "ಭಾವ, ನಿಮಗೆ ಶಾಲೆಯಲ್ಲಿ ಯಾರು ಕಲಿಸಿದ್ದು? ವಾಕ್ಯ ಮುಗಿದ ಕಡೆಯೆಲ್ಲ ಪೂರ್ಣವಿರಾಮ ಬಿಟ್ಟು ಅರ್ಧವಿರಾಮ ಹಾಕಿದೀರಿ. ನಲವತ್ತೊಂದು ಕಡೆ." ಭಾವ ನಕ್ಕ ನಗುವಿಗೆ ಕುರ್ಚಿ ಒಂದಡಿ ಹಿಂದೆ ಸರಿಯಿತು. ಕೋಡಿನಲ್ಲಿ ಸಾಲು ಮುಗಿಯುವುದೇ ಅರ್ಧವಿರಾಮದಿಂದ ಎಂದು ಹೇಳಿಕೊಡಲು ಆ ದಿನವೆಲ್ಲ ಹಿಡಿಯಿತು. ಆದರೆ ಅದೇ ವಾರ ಕರಡಪ್ಪ ಹುಡುಕಿಕೊಟ್ಟ ಒಂದು ಬಿಟ್ಟುಹೋದ ಆವರಣ ಭಾವನ ಹದಿನೈದು ದಿನದ ತಲೆನೋವನ್ನು ಕಳೆಯಿತು. ಅಲ್ಲಿಂದ ಮುಂದೆ ದಿನಾ ಬೆಳಗ್ಗೆ ಭಾವ ಓದುವುದು, ಕರಡಪ್ಪ ಪೆನ್ಸಿಲು ಹಿಡಿಯುವುದು, ನಡುನಡುವೆ ಭಾವ ಭಾಮೈದ ಒಬ್ಬರನ್ನೊಬ್ಬರು ಕೆಣಕುವುದು. ಕೋಡ್ ಬರೆಯಲು ಕರಡಪ್ಪನಿಗೆ ಬರುತ್ತಿರಲಿಲ್ಲ. ಓದಲು ಮಾತ್ರ ಚೆನ್ನಾಗಿಯೇ ಕಲಿತಿದ್ದ.

ಅಚ್ಚುಕೂಟದಿಂದ ಅವನು ಒಂದು ಕಟ್ಟಳೆಯನ್ನು ಜೊತೆಗೇ ತಂದಿದ್ದ. ಬರೆದವರನ್ನು ಕೇಳದೆ ಒಂದಕ್ಷರವನ್ನೂ ಬದಲಿಸಬಾರದು. ಅನುಮಾನ ಬಂದರೆ ಅಂಚಿನಲ್ಲಿ ಪ್ರಶ್ನೆಯ ಗುರುತು ಹಾಕಬೇಕು, ಕಾಯಬೇಕು.

ಆ ಕೊನೆಯ ಶನಿವಾರ ಮೂರನೇ ಪುಟದ ಅಂಚಿನಲ್ಲಿ ಅವನು ಹಾಕಿದ್ದು ಅಂಥದೇ ಒಂದು ಗುರುತು. ಓದುತ್ತಿದ್ದದ್ದು ಫ್ಲ್ಯಾಶ್ ಮೆಮೊರಿಯ ಡ್ರೈವರನ್ನು, ಅಂದರೆ ಅದನ್ನು ನಡೆಸುವ ಕೋಡನ್ನು. ಫ್ಲ್ಯಾಶ್ ಎಂದರೆ ಕರೆಂಟು ಹೋದರೂ ಮರೆಯದ ಚಿಪ್ಪು. ಭಾವನ ದನಿ ಇರುವುದು ಅದರೊಳಗೆ. ಆ ಚಿಪ್ಪಿಗೂ ಡಬ್ಬಿಯ ಮಿದುಳಿಗೂ ನಡುವೆ ಸಾಮಾನು ಸಾಗಿಸುವ ಇನ್ನೊಂದು ಯಂತ್ರಾಂಗವಿದೆ, ಅದಕ್ಕೆ ಕಂಟ್ರೋಲರ್ ಎನ್ನುತ್ತಾರೆ. ಈ ಕಂಟ್ರೋಲರ್ ಬಹಳ ಸಣ್ಣದು. ಎಷ್ಟೇ ದೊಡ್ಡ ಸಾಮಾನು ಕೊಟ್ಟರೂ ಒಂದು ಸಲಕ್ಕೆ ಅರವತ್ತನಾಲ್ಕು ಬೈಟ್ ಮಾತ್ರ ಹೊರುತ್ತದೆ; ಬೈಟ್ ಎಂದರೆ ಯಂತ್ರದ ಲೆಕ್ಕದಲ್ಲಿ ಒಂದಕ್ಷರದಷ್ಟು. ಆದ್ದರಿಂದ ಡ್ರೈವರು ಸಾಮಾನನ್ನು ತುಂಡು ಮಾಡಿ ಮಾಡಿ ಕೊಡಬೇಕು. ಭಾವ ಬರೆದಿದ್ದ ಸಾಲು ಅರವತ್ತರ ತುಂಡು ಮಾಡುತ್ತಿತ್ತು. ಕಂಟ್ರೋಲರಿನ ಕೈಪಿಡಿಯಲ್ಲಿ ಅಚ್ಚಾಗಿದ್ದದ್ದು ಅರವತ್ತನಾಲ್ಕು.

"ಭಾವ, ಕೈಪಿಡಿ ಅರವತ್ನಾಲ್ಕು ಅನ್ನುತ್ತೆ. ನೀವು ಅರವತ್ತು ಬರ್ದಿದೀರಿ. ನಾಲ್ಕು ಎಲ್ಲಿ ಬಿದ್ದೋಯ್ತು?"

ಭಾವ ಕನ್ನಡಕ ತೆಗೆದು ಒರೆಸಿಕೊಂಡರು. ಮುಖದಲ್ಲಿ ತುಂಟತನ ಕುಣಿಯುತ್ತಿತ್ತು. "ಸೋಮವಾರ ಹೇಳ್ತೀನಿ."

"ಈಗಲೇ ಹೇಳಿ."

"ಈಗ ಹೇಳಿದ್ರೆ ಭಾನುವಾರ ನಿನಗೆ ಯೋಚನೆ ಮಾಡೋಕೆ ಏನಿರುತ್ತೆ? ಕೆರ್ಕೋತಾ ಇರು."

ಹಾಗೆ ಹೇಳಿ ಹೋದವರು ಮತ್ತೆ ಬರಲಿಲ್ಲ.

ಎರಡು ವಾರ ಕರಡಪ್ಪ ಆ ಕಟ್ಟಡದ ಕಡೆ ತಲೆ ಹಾಕಲಿಲ್ಲ. ಬೆಳಗ್ಗೆ ಎದ್ದು ಸ್ನಾನ ಮಾಡಿ, ದೇವರ ಮುಂದೆ ದೀಪ ಹಚ್ಚಿ, ಭಾವನ ಹೆಸರು ಹೇಳಿ ಕೈಮುಗಿಯುತ್ತಿದ್ದ. ಅದೇನೋ, ಪ್ರಾರ್ಥನೆ ಮುಗಿಯುವ ಹೊತ್ತಿಗೆ ಅರವತ್ತು ನೆನಪಿಗೆ ಬರುತ್ತಿತ್ತು. ಸತ್ತವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ತಪ್ಪೆಂದು ದೇವರಲ್ಲಿ ಕ್ಷಮೆ ಕೇಳಿ, ಮತ್ತೆ ಸಿಟ್ಟು ಮಾಡಿಕೊಳ್ಳುತ್ತಿದ್ದ.

ಹದಿನಾರನೇ ದಿನ, ಮಂಗಳವಾರ, ಅಕ್ಕ ಕರೆಸಿದಳು. ಅವಳ ಮೇಜಿನ ಮೇಲೆ ಭಾವನ ಲ್ಯಾಪ್‌ಟಾಪ್ ತೆರೆದಿತ್ತು.

"ಇದು ನೋಡು. ನಿಮ್ಮ ಭಾವ ಹೋದ ದಿನಾನೇ ಬಂದಿದೆ. ಹನ್ನೊಂದು ಗಂಟೆಗೆ. ನಾನು ಇವತ್ತು ತೆಗೆದೆ."

ಪತ್ರ ಬರೆದವರು ಯಾರೆಂದು ಕರಡಪ್ಪನಿಗೆ ಗೊತ್ತಿತ್ತು. ಯಾರು ಬೇಕಾದರೂ ಎತ್ತಿಕೊಂಡು ಬಳಸಬಹುದಾದ ಕೋಡಿನ ಭಂಡಾರವೊಂದಿದೆ. ಭಾವ ತಮ್ಮ ಡ್ರೈವರನ್ನು ಅದಕ್ಕೆ ಕೊಡಲು ಹೊರಟಿದ್ದರು. ಒಳಗೆ ಹೋಗುವ ಪ್ರತಿಯೊಂದು ಸಾಲನ್ನೂ ಓದಿ, ಒಪ್ಪಿಗೆಯಾದರೆ ಮಾತ್ರ ಬಿಡುವ ಒಬ್ಬರು ಅಲ್ಲಿದ್ದಾರೆ. ಭಾವ ಅವರನ್ನು ಬಾಗಿಲಿನ ಯಜಮಾನರು ಎನ್ನುತ್ತಿದ್ದರು. ಎರಡು ಸಲ ವಾಪಸು ಕಳಿಸಿದ್ದ ಆ ಯಜಮಾನರು ಈ ಮೂರನೆಯ ಸಲ ಒಂದೇ ಪ್ರಶ್ನೆ ಕೇಳಿದ್ದರು. ಕೈಪಿಡಿ ಅರವತ್ತನಾಲ್ಕು ಎನ್ನುತ್ತದೆ, ನೀವು ಅರವತ್ತು ಬರೆದಿದ್ದೀರಿ, ಯಾಕೆ? ತಪ್ಪಾಗಿದ್ದರೆ ತಿದ್ದಿ, ಸರಿಯಾಗಿದ್ದರೆ ಕಾರಣ ಬರೆಯಿರಿ. ಇದೇ ಚಿಪ್ಪಿಗೆ ಇನ್ನೊಬ್ಬರ ಡ್ರೈವರೂ ಬಂದಿದೆ. ಈ ಸುತ್ತು ಇಂಥ ಶುಕ್ರವಾರ ಮುಗಿಯುತ್ತದೆ, ಅಷ್ಟರೊಳಗೆ ಯಾರದು ಸಿದ್ಧವಾಗಿದೆಯೋ ಅವರದನ್ನು ತೆಗೆದುಕೊಳ್ಳುತ್ತೇನೆ.

ಆ ಶುಕ್ರವಾರಕ್ಕೆ ಇನ್ನು ಮೂರು ದಿನವಿತ್ತು.

"ಅದರಲ್ಲಿ ಅವರ ಹೆಸರು ಉಳೀಬೇಕು ಕಣೋ" ಎಂದಳು ಅಕ್ಕ. "ಫೋಟೋಗೆ ಹಾರ ಹಾಕಿ ಗೋಡೆಗೆ ನೇತುಹಾಕೋದು ಅವರಿಗೆ ಸೇರಲ್ಲ. ಕೆಲಸದ ಮೇಲೆ ಹೆಸರಿದ್ರೆ ಸಾಕು. ಉತ್ತರ ಬರಿ."

"ಅಕ್ಕಾ, ನಾನು ಕರಡು ತಿದ್ದೋನು. ಈ ಪ್ರಶ್ನೆ ನಾನೂ ಕೇಳಿದ್ದೆ. ನನಗೂ ಉತ್ತರ ಹೇಳದೆ ಹೋದ್ರು."

"ಹಾಗಾದ್ರೆ ಇಬ್ಬರೂ ಕೂತು ಹುಡುಕೋಣ. ನಾನು ಓದ್ತೀನಿ, ನೀನು ಪೆನ್ಸಿಲ್ ಹಿಡಿ."

"ನಿನಗೆ ಅದು ಓದೋಕೆ ಬರುತ್ತಾ?"

"ಮೂವತ್ತು ವರ್ಷ ಡಾಕ್ಟರುಗಳ ಕೈಬರಹ ಓದಿದವಳು ನಾನು. ಅಚ್ಚಾಗಿರೋದು ಓದೋಕಾಗಲ್ವಾ?"

ಬುಧವಾರ ಬೆಳಗ್ಗೆ ಅಕ್ಕ ಭಾವನ ಕುರ್ಚಿಯಲ್ಲಿ ಕುಳಿತಳು. ಮುಂದೆ ಆ ಸೋಮವಾರದ ಪೆನ್ಸಿಲು ಇಟ್ಟಲ್ಲೇ ಇತ್ತು. ಅದನ್ನು ಎತ್ತಿ, ಮೊನೆ ನೋಡಿ, ಜಡೆಗೆ ಸಿಕ್ಕಿಸಿಕೊಂಡಳು. ಕರಡಪ್ಪ ಕಣ್ಣು ಕೆಳಗೆ ಮಾಡಿ ಪುಟ ತಿರುವಿದ.

ಅವಳು ಓದತೊಡಗಿದಳು. ಮಾತ್ರೆ ಚೀಟಿ ಓದುವವರ ಹಾಗೆ, ಏರಿಳಿತವಿಲ್ಲದೆ, ಒಂದಕ್ಷರ ಬಿಡದೆ. "ಆವರಣ ತೆರೆ. ಉಳಿದದ್ದು, ದೊಡ್ಡದು ಗುರುತು, ಅರವತ್ತು. ಆವರಣ ಮುಚ್ಚು. ತುಂಡು, ಸಮ, ಅರವತ್ತು. ಅರ್ಧವಿರಾಮ. ಊಟಕ್ಕೆ ಮುಂಚೆಯೋ ಆಮೇಲೆಯೋ ಬರ್ದಿಲ್ವಲ್ಲೋ."

"ಅಕ್ಕಾ, ಬರ್ದಿರೋದನ್ನ ಮಾತ್ರ ಓದು."

ಹನ್ನೆರಡು ಪುಟವೂ ಮುಗಿಯಿತು. ಅರವತ್ತು ಬರುವುದು ಮೂರನೇ ಪುಟದಲ್ಲಿ ಮಾತ್ರ. ಯಾಕೆಂದು ಎಲ್ಲಿಯೂ ಇಲ್ಲ. ಕರಡಪ್ಪ ಕೈಪಿಡಿ ತೆಗೆದು ಆ ಪಟ್ಟಿಯನ್ನು ಮತ್ತೆ ನೋಡಿದ. ಅರವತ್ತನಾಲ್ಕು, ದಪ್ಪಕ್ಷರದಲ್ಲಿ. ಭಾವ ಕೊನೆಯ ತಿಂಗಳು ಬೇಗ ದಣಿಯುತ್ತಿದ್ದರು. ನಾಲ್ಕು ಎಂಬ ಅಂಕೆಯ ಬದಲು ಸೊನ್ನೆ ಒತ್ತಿರಬಹುದಲ್ಲ. ಆಮೇಲೆ ಭಾಮೈದ ಕೇಳಿದಾಗ ಒಪ್ಪಿಕೊಳ್ಳಲು ನಾಚಿಕೆಯಾಗಿ ತಮಾಷೆಯಲ್ಲಿ ತೇಲಿಸಿರಬಹುದು.

"ಮೂಲಪ್ರತಿ ಒಂದು ಹೇಳಿ, ಕರಡು ಇನ್ನೊಂದು ಹೇಳಿದ್ರೆ ಮೂಲದ ಹಾಗೆ ತಿದ್ದಬೇಕು. ಅದು ಕಸುಬು" ಎಂದ ಕರಡಪ್ಪ.

"ತಪ್ಪು ಮಾಡಿರಬಹುದಪ್ಪ" ಎಂದಳು ಅಕ್ಕ. "ನಲವತ್ತು ವರ್ಷ ಒಂದೇ ಟವೆಲನ್ನ ಮನೆಯೆಲ್ಲಾ ಹುಡುಕಿ ಕೊನೆಗೆ ಹೆಗಲ ಮೇಲೆ ಕಂಡುಕೊಂಡವರು."

ಬರೆದವರನ್ನು ಕೇಳದೆ ಒಂದಕ್ಷರ ಬದಲಿಸದವನು ಆ ದಿನ ಒಂದಂಕೆ ಬದಲಿಸಿದ. ಅರವತ್ತು ಇದ್ದಲ್ಲಿ ಅರವತ್ತನಾಲ್ಕು ಕೂತಿತು. ಡ್ರೈವರನ್ನು ಕಟ್ಟಿ ಚಿಪ್ಪಿಗೆ ದನಿ ತುಂಬುವುದು ಹೇಗೆಂದು ಭಾವ ಗೋಡೆಗೆ ಒಂದು ಚೀಟಿ ಅಂಟಿಸಿದ್ದರು: "ಕರಡಪ್ಪನಿಗೂ ಅರ್ಥವಾಗುವಂತೆ" ಎಂದು ತಲೆಬರಹ, ಕೆಳಗೆ ಐದು ಹೆಜ್ಜೆ. ಆ ಐದನ್ನೂ ಅಕ್ಕ ಓದಿದಳು, ಕರಡಪ್ಪ ಒತ್ತಿದ. ಮೇಜಿನ ಮೇಲಿನ ಔಷಧಿ ಡಬ್ಬಿಯ ಹಸಿರು ದೀಪ ಹತ್ತಿತು. ಅದರ ಗುಂಡಿ ಅದುಮಿದ.

"ಝ್ರ್‌ನೀಝ್ರ್‌ಲಿ ಮಾಝ್ರ್‌ತ್ರೆ ಝ್ರ್‌" ಎಂದಿತು ಡಬ್ಬಿ.

ಬಾಚಣಿಗೆಗೆ ಕಾಗದ ಸುತ್ತಿ ಊದಿದರೆ ಹೇಗೋ ಹಾಗೆ. ಅದರ ಹಿಂದೆಲ್ಲೋ ಭಾವನ ದನಿ, ಜೇನುಹುಳ ನುಂಗಿದವರ ಹಾಗೆ ಗೊರಗುಟ್ಟುತ್ತ, ನೀರು ಕುಡಿಯಿರಿ ಎಂದು ಉಪಚಾರ ಹೇಳುತ್ತಿತ್ತು.

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಅಳುತ್ತಿದ್ದಾಳೆಂದು ಕರಡಪ್ಪ ಗಾಬರಿಯಿಂದ ಎದ್ದ. ಅಳುತ್ತಿರಲಿಲ್ಲ. ಭುಜ ಕುಲುಕುತ್ತಿತ್ತು, ನಗು ತಡೆಯಲಾಗುತ್ತಿರಲಿಲ್ಲ. "ಇನ್ನೊಂದ್ಸಲ ಒತ್ತೋ" ಎಂದಳು. ಒತ್ತಿದ. ಮತ್ತೆ ಝ್ರ್ ಎಂದಿತು. ಈ ಸಲ ಕರಡಪ್ಪನಿಗೂ ತಡೆಯಲಾಗಲಿಲ್ಲ. ಹದಿನೇಳು ದಿನದ ಮೇಲೆ ಇಬ್ಬರೂ ನಕ್ಕರು, ಹೊಟ್ಟೆ ಹಿಡಿದುಕೊಂಡು, ಚಿಕ್ಕಂದಿನಲ್ಲಿ ಅಪ್ಪನಿಗೆ ಕೇಳಿಸದ ಹಾಗೆ ಬಾಗಿಲ ಹಿಂದೆ ನಿಂತು ನಕ್ಕಂತೆ. ನಗುವಿನ ಕೊನೆಗೆ ಅಕ್ಕನ ಕಣ್ಣಲ್ಲಿ ನೀರು ಬಂತು. ಅವಳು ಒರೆಸಿಕೊಳ್ಳಲಿಲ್ಲ.

"ನನ್ನ ಗಂಡ ಸರಿ ಕಣೋ. ತಪ್ಪು ನಿನ್ನದು."

ಅರವತ್ತನ್ನು ವಾಪಸು ಇಟ್ಟು ಮತ್ತೆ ಐದು ಹೆಜ್ಜೆ ಒತ್ತಿದಾಗ ಭಾವನ ದನಿ ತಿಳಿಯಾಗಿ ಬಂತು: "ನೀಲಿ ಮಾತ್ರೆ ತಗೊಳ್ಳೋ ಹೊತ್ತು. ಪೂರ್ತಿ ಲೋಟ ನೀರು ಕುಡಿಯಿರಿ."

"ಹಾಗಂತ ಬರೆದುಬಿಡು" ಎಂದಳು ಅಕ್ಕ. "ಅರವತ್ತು ಇಟ್ರೆ ಕೆಲಸ ಮಾಡುತ್ತೆ, ಅರವತ್ನಾಲ್ಕು ಇಟ್ರೆ ಗೊರಕೆ ಹೊಡೆಯುತ್ತೆ."

"ಅವರು ಯಾಕೆ ಅಂತ ಕೇಳಿದಾರೆ ಅಕ್ಕ. ಕೆಲಸ ಮಾಡುತ್ತೆ ಅನ್ನೋದು ಕಾರಣ ಅಲ್ಲ. ನೀನು ಮಾತ್ರೆ ಕೊಟ್ಟು, ಯಾಕೆ ಅಂತ ಕೇಳಿದವರಿಗೆ ಹಾಗೆ ಹೇಳ್ತಿದ್ದೆಯಾ?"

ಆ ಸಂಜೆ ಇಬ್ಬರೂ ಭಾವನ ಮೂರು ನೋಟ್‌ಬುಕ್ ಜಾಲಾಡಿದರು. ತರಕಾರಿಯ ಪಟ್ಟಿ ಸಿಕ್ಕಿತು, ಕರಡಪ್ಪನ ಬೋಳುತಲೆಯ ಒಂದು ಚಿತ್ರ ಸಿಕ್ಕಿತು. ಅರವತ್ತಿನ ಸುದ್ದಿ ಇರಲಿಲ್ಲ. ಮನೆಗೆ ಹೊರಡುವಾಗ ಕರಡಪ್ಪ ಕೈಪಿಡಿಯನ್ನು ಕಂಕುಳಲ್ಲಿ ಇರುಕಿಕೊಂಡ.

ಗುರುವಾರ ಬೆಳಗ್ಗೆ ಪ್ರಾರ್ಥನೆ ಉದ್ದವಾಯಿತು. ಹಾಗಾಗಿ ಅವನು ಕಟ್ಟಡಕ್ಕೆ ಬಂದಾಗ ಹತ್ತು ಗಂಟೆ. ಆರು ವರ್ಷವೂ ಒಂಬತ್ತಕ್ಕೆ ಬರುತ್ತಿದ್ದವನು. ಆ ಹೊತ್ತಿಗೆ ಲಿಫ್ಟು ಖಾಲಿ ಇರುತ್ತಿತ್ತು. ಹತ್ತರ ನೂಕುನುಗ್ಗಲು ಭಾವನ ಪಾಲಿಗೆ ಬಿಟ್ಟದ್ದು. ಆ ದಿನ ಲಿಫ್ಟಿನೊಳಗೆ ಮೂರನೇ ಮಹಡಿಯ ಹೊಲಿಗೆ ಅಂಗಡಿಯ ಐವರು ಹೆಂಗಸರು ನಿಂತಿದ್ದರು. ಕರಡಪ್ಪ ಕಾಲಿಡುವಷ್ಟರಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಲಿಫ್ಟಿನವನು ಕೈ ಅಡ್ಡ ಹಿಡಿದ.

"ತುಂಬಿದೆ ಸ್ವಾಮಿ. ಇಳಿಸಿ ಬರ್ತೀನಿ, ನಿಂತಿರಿ."

"ಎಲ್ಲಿ ತುಂಬಿದೆ? ಬೋರ್ಡ್ ನೋಡಯ್ಯಾ, ಆರು ಜನ ಅಂತ ಬರ್ದಿದೆ. ಇವರು ಐದು. ನಾನು ಆರನೆಯವನು." ಅಚ್ಚಾದದ್ದರ ಮೇಲೆ ಬೆರಳಿಟ್ಟು ತೋರಿಸುವುದು ಕರಡಪ್ಪನ ಹುಟ್ಟುಗುಣ.

"ಹಾಗಾದ್ರೆ ನಾನೇನು ಗಾಳಿನಾ ಸ್ವಾಮಿ?"

ಹೆಂಗಸರು ಗೊಳ್ಳೆಂದು ನಕ್ಕರು. "ತಾತಂಗೆ ಮೆಟ್ಟಿಲೇ ಗತಿ" ಎಂದಳೊಬ್ಬಳು. ಬಾಗಿಲು ಮುಚ್ಚಿತು.

ಮುಖ ಊದಿಸಿಕೊಂಡು ಕರಡಪ್ಪ ಮೆಟ್ಟಿಲು ಹತ್ತಿದ. ಮೊದಲ ಮಹಡಿಯವರೆಗೆ ಲಿಫ್ಟಿನವನನ್ನು ಬೈದುಕೊಂಡ. ಎರಡನೆಯದರಲ್ಲಿ ಹೆಂಗಸರನ್ನು. ಎರಡಕ್ಕೂ ಮೂರಕ್ಕೂ ನಡುವಿನ ತಿರುವಿನಲ್ಲಿ ಉಸಿರು ತೆಗೆದುಕೊಳ್ಳಲು ಕಂಬಿ ಹಿಡಿದು ನಿಂತವನು ನಿಂತೇಬಿಟ್ಟ.

ಲಿಫ್ಟು ಹೊರುವುದು ಆರು ಜನರನ್ನು. ಹತ್ತಬಹುದಾದವರು ಐದೇ. ಯಾಕೆಂದರೆ ಲಿಫ್ಟು ನಡೆಸುವವನೂ ಒಳಗೇ ನಿಂತಿರುತ್ತಾನೆ, ಅವನಿಗೂ ತೂಕವಿದೆ.

ಚಿಪ್ಪಿಗೆ ಸಾಮಾನು ಬರಿಗೈಯಲ್ಲಿ ಹೋಗುವುದಿಲ್ಲ. ಮೊದಲು ಬರೆದುಕೋ ಎಂಬ ಆಜ್ಞೆ ಹೋಗಬೇಕು, ಅದು ಒಂದು ಬೈಟು. ಆಮೇಲೆ ಎಲ್ಲಿ ಬರೆದುಕೊಳ್ಳಬೇಕು ಎಂಬ ಜಾಗದ ಸಂಖ್ಯೆ, ಅದು ಮೂರು ಬೈಟು. ಆರು ವರ್ಷ ಈ ಸಾಲುಗಳನ್ನು ಅವನು ಬಾಯಲ್ಲಿ ಹೇಳಿಸಿಕೊಂಡಿದ್ದ. ಆ ನಾಲ್ಕೂ ಅದೇ ಸಣ್ಣ ಲಿಫ್ಟಿನಲ್ಲೇ ಹತ್ತುವುದಾದರೆ ಸಾಮಾನಿಗೆ ಉಳಿಯುವುದು ಅರವತ್ತು. ಅರವತ್ತನಾಲ್ಕನ್ನು ತುರುಕಿದರೆ ಕೊನೆಯ ನಾಲ್ಕು ಬಾಗಿಲ ಹೊರಗೇ ಉಳಿಯುತ್ತವೆ. ಪ್ರತಿಯೊಂದು ತುಂಡಿಗೂ ನಾಲ್ಕು ಬೈಟಿನ ತೂತು ಬೀಳುತ್ತದೆ. ನಿನ್ನೆ ಝ್ರ್ ಎಂದದ್ದು ಆ ತೂತುಗಳು.

ಅರವತ್ತನಾಲ್ಕು ವರ್ಷದ ಮನುಷ್ಯ ಉಳಿದ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದ. ಕೋಣೆಗೆ ಹೋಗಿ ಕೈಪಿಡಿ ಬಿಡಿಸಿದ. ದಪ್ಪಕ್ಷರದ ಅರವತ್ತನಾಲ್ಕರ ನೆತ್ತಿಯ ಮೇಲೆ, ನೊಣದ ಕಾಲಿನಷ್ಟು ಸಣ್ಣದಾಗಿ, ಒಂದು ನಕ್ಷತ್ರದ ಗುರುತು. ಅಡಿಟಿಪ್ಪಣಿ ಆ ಪುಟದಲ್ಲಿರಲಿಲ್ಲ, ಎರಡು ಪುಟ ದಾಟಿ ಅಧ್ಯಾಯದ ಕೊನೆಯಲ್ಲಿತ್ತು: ಈ ಮಿತಿಯಲ್ಲಿ ಆಜ್ಞೆಯೂ ಜಾಗದ ಸಂಖ್ಯೆಯೂ ಸೇರಿವೆ.

ಮೂವತ್ತೆಂಟು ವರ್ಷ ಕರಡು ತಿದ್ದಿದವನು ಒಂದು ನಕ್ಷತ್ರವನ್ನು ಕಾಣದೆ ಹೋಗಿದ್ದ. ಅದು ಭಾವನಿಗೆ ಗೊತ್ತಿತ್ತು. ಅದಕ್ಕೇ ಆ ತುಂಟ ನಗು. ಅಡಿಟಿಪ್ಪಣಿ ನೋಡಯ್ಯಾ ಕರಡಪ್ಪ ಎಂದು ಸೋಮವಾರ ಹೇಳಿ, ಅದೊಂದನ್ನು ಹಿಡಿದು ಸಾಯುವವರೆಗೂ ಆಡಿಕೊಳ್ಳಬೇಕೆಂದು ಲೆಕ್ಕ ಹಾಕಿರಬೇಕು.

ಅಕ್ಕ ಹನ್ನೊಂದಕ್ಕೆ ಬಂದಳು. ಇಬ್ಬರೂ ಕೂಡಿ ಉತ್ತರ ಬರೆದರು. ಮೊದಲು ಕಾರಣ, ಆಮೇಲೆ ಅಡಿಟಿಪ್ಪಣಿಯ ಪುಟ, ಆಮೇಲೆ ನಿನ್ನೆಯ ಪರೀಕ್ಷೆಯ ಫಲ. ಭಾವ ತೀರಿಕೊಂಡ ಸುದ್ದಿಯನ್ನು ಮೊದಲ ಸಾಲಿಗೇ ಹಾಕೋಣವೇ ಎಂದು ಕರಡಪ್ಪ ಕೇಳಿದ. ಅಕ್ಕ ಬೇಡವೆಂದಳು. "ಕೊನೆಗೆ ಹಾಕು. ಪಾಪ ಅಂತ ಒಳಗೆ ಬಿಟ್ಕೊಳ್ಳೋದು ಬೇಡ."

ಮಧ್ಯಾಹ್ನ ಮೂರಕ್ಕೆ ಉತ್ತರ ಬಂತು. ಅಕ್ಕ ಗಟ್ಟಿಯಾಗಿ ಓದಿದಳು. ಸಂತಾಪ ಎರಡು ಸಾಲು. ಅವರ ಕೋಡ್ ಓದುವುದು ನನಗೆ ಯಾವಾಗಲೂ ಸಂತೋಷ ಕೊಡುತ್ತಿತ್ತು ಎಂದಿತ್ತು. ತಕರಾರು ಏಳು ಸಾಲು. ಕಾರಣ ಸರಿ, ಆದರೆ ಈಗ ಇನ್ನೊಂದು ತೊಡಕು ಎದ್ದಿದೆ. ಇದೇ ಜಾತಿಯ ದೊಡ್ಡ ಚಿಪ್ಪುಗಳಲ್ಲಿ ಜಾಗದ ಸಂಖ್ಯೆಗೆ ಮೂರು ಬೈಟು ಸಾಲದು, ನಾಲ್ಕು ಬೇಕು. ಅಲ್ಲಿ ನಿಮ್ಮ ಅರವತ್ತೂ ಹೆಚ್ಚಾಗುತ್ತದೆ. ಅಂಕೆ ಬರೆಯಬೇಡಿ; ಅರವತ್ತನಾಲ್ಕರಲ್ಲಿ ಆಜ್ಞೆಯ ಉದ್ದವನ್ನೂ ಸಂಖ್ಯೆಯ ಉದ್ದವನ್ನೂ ಕಳೆಯುವಂತೆ ಬರೆಯಿರಿ. ನಾಳೆ ಸಂಜೆಯವರೆಗೆ ಸಮಯವಿದೆ.

"ಒಳ್ಳೆ ಮನುಷ್ಯ" ಎಂದಳು ಅಕ್ಕ. "ಸತ್ತವರಿಗೂ ರಿಯಾಯಿತಿ ಕೊಡಲ್ಲ."

ಕರಡಪ್ಪ ಪೆನ್ಸಿಲು ತಿರುಗಿಸುತ್ತ ಕುಳಿತ. ಯಜಮಾನರ ಮಾತು ನಿಜವೇ. ಇವತ್ತು ಒಬ್ಬ ಲಿಫ್ಟಿನವ, ನಾಳೆ ಇಬ್ಬರು ಬಂದು ನಿಂತರೆ ಒಳಗೆ ಹೋಗುವವರು ನಾಲ್ಕೇ. ಭಾವನ ಸಾಲಿನಲ್ಲಿ ಕೊರತೆಯಿತ್ತು. ಅದನ್ನು ತುಂಬಲು ಅವರ ಅರವತ್ತನ್ನು ಅಳಿಸಬೇಕು. ಆ ಅರವತ್ತಿಗಾಗಿ ತಾನೆ ಅವನು ಹದಿನೆಂಟು ದಿನ ದೇವರ ಮುಂದೆಯೂ ಕೆರೆದುಕೊಂಡದ್ದು.

"ಅಕ್ಕ, ಬರೆದವರನ್ನ ಕೇಳದೆ ಬದಲಾಯಿಸಬಾರದು ಅಂತ ನನ್ನ ಕಟ್ಟಳೆ. ನಿನ್ನೆ ಮುರಿದೆ, ಮಂಗಳಾರತಿ ಆಯ್ತು. ಈಗ ಯಾರನ್ನ ಕೇಳಲಿ?"

ಅಕ್ಕ ಜಡೆಯಿಂದ ಭಾವನ ಪೆನ್ಸಿಲು ತೆಗೆದು ಅವನ ಮುಂದೆ ಇಟ್ಟಳು. "ಅವರು ನಿನ್ನನ್ನ ಆರು ವರ್ಷ ಎದುರಿಗೆ ಕೂರಿಸಿಕೊಂಡಿದ್ದು ಯಾಕೆ? ಹೌದೌದು ಅನ್ನೋಕಾ? ತಪ್ಪು ತೋರಿಸಿದ ದಿನ ಮನೆಗೆ ಬಂದು ಎರಡು ತುತ್ತು ಜಾಸ್ತಿ ಉಣ್ಣುತಿದ್ರು. ನಿನ್ನ ತಮ್ಮ ಇವತ್ತು ನನ್ನ ಮಾನ ಕಳೆದ ಕಣೇ ಅಂತ ನಗ್ತಾ ಹೇಳೋರು. ಬದಲಾಯಿಸು. ಅವರು ಬೇಡ ಅನ್ನಲ್ಲ."

ಶುಕ್ರವಾರ ಬೆಳಗ್ಗೆ ಕರಡಪ್ಪ ತನ್ನ ಜೀವನದ ಮೊದಲ ಕೋಡ್ ಸಾಲನ್ನು ಬರೆದ. ಅರವತ್ತನಾಲ್ಕು, ಕಳೆ, ಆಜ್ಞೆಯ ಉದ್ದ, ಕಳೆ, ಸಂಖ್ಯೆಯ ಉದ್ದ. ಮುಗಿಸುವಾಗ ಎಲ್ಲಿಲ್ಲದ ಗಾಂಭೀರ್ಯದಿಂದ ಪೂರ್ಣವಿರಾಮ ಇಟ್ಟ. ಯಂತ್ರ ಕೆಂಪಕ್ಷರದಲ್ಲಿ ಬೈಯಿತು. ಅಕ್ಕ ಕತ್ತು ಚಾಚಿ ನೋಡಿ, "ಅರ್ಧವಿರಾಮ ಅಲ್ವೇನೋ" ಎಂದಳು. ಮೂರು ದಿನದ ಕಲಿಕೆ ಆರು ವರ್ಷವನ್ನು ಹಿಂದೆ ಹಾಕಿತು.

ಆಮೇಲೆ ಐದು ಹೆಜ್ಜೆ. ಹಸಿರು ದೀಪ. ಭಾವನ ದನಿ ತಿಳಿಯಾಗಿ ನೀಲಿ ಮಾತ್ರೆ ನುಂಗಲು ಹೇಳಿತು. ದೊಡ್ಡ ಚಿಪ್ಪೊಂದು ಭಾವನ ಡ್ರಾಯರಿನಲ್ಲಿತ್ತು, ಅದನ್ನೂ ಕೂರಿಸಿ ನೋಡಿದರು. ಅಲ್ಲಿಯೂ ದನಿ ಸ್ವಚ್ಛ.

ಪತ್ರದ ಕೆಳಗೆ ಹೆಸರು ಹಾಕುವ ಕ್ರಮವೊಂದಿದೆ ಎಂದು ಬಾಗಿಲಿನ ಯಜಮಾನರು ತಿಳಿಸಿದ್ದರು. ಬರೆದವರು ಭಾವ, ಅವರು ತೀರಿಕೊಂಡರೂ ಆ ಸಾಲು ಬದಲಾಗುವುದಿಲ್ಲ. ಅದರ ಕೆಳಗೆ ಇದನ್ನು ಹೊತ್ತು ತಂದವನು, ಯಾವ ಒಂದು ಸಾಲು ಬದಲಿಸಿದ ಎಂಬ ವಿವರದ ಸಮೇತ. ಓದಿ ಪರೀಕ್ಷಿಸಿದವರ ಜಾಗದಲ್ಲಿ ಅಕ್ಕ. ಸಲಹೆ ಕೊಟ್ಟವರಿಗೂ ಒಂದು ಸಾಲು ಉಂಟು.

ಕರಡಪ್ಪ ಕೆಳಗಿಳಿದು ಹೋಗಿ, ಆ ಸಾಲಿಗೆ ಅವನ ಹೆಸರು ಹಾಕುವ ವಿಷಯವನ್ನು ಲಿಫ್ಟಿನವನಿಗೆ ಹೇಳಿದ. ಅವನು ಸ್ಟೂಲಿನಿಂದ ಎದ್ದು ನಿಂತ.

"ನಂದಾ? ಸ್ವಾಮಿ, ನಿಮ್ಮ ಭಾವ ಒಂದ್ಸಲ ಹೀಗೇ ಹೇಳಿದ್ರು. ಒಂದು ದಿನ ಇಲ್ಲೇ ನಿಂತು ಜನ ಎಣಿಸ್ತಿದ್ರು. ನಿನ್ನನ್ನೂ ಸೇರಿಸಿ ಆರಲ್ವಾ ಅಂದ್ರು. ಹೌದು ಸಾರ್ ಅಂದೆ. ನಿನ್ನ ಲೆಕ್ಕ ನನ್ನ ಕೆಲಸದಲ್ಲಿ ಬರ್ದಿದೀನಿ ಕಣಯ್ಯಾ ಅಂದ್ರು. ದೊಡ್ಡೋರು ಏನೋ ತಮಾಷೆ ಮಾಡ್ತಾರೆ ಅಂತ ನಾನು ನಕ್ಕುಬಿಟ್ಟೆ." ಆಮೇಲೆ ಕೇಳಿದ: "ನಿನ್ನೆ ನಿಮ್ಮನ್ನ ಮೆಟ್ಟಿಲು ಹತ್ತಿಸಿದ್ದಕ್ಕೆ ಸಿಟ್ಟಿಲ್ಲ ತಾನೆ?"

"ಇದೆ" ಎಂದ ಕರಡಪ್ಪ. "ಈಗ ನಾಲ್ಕನೇ ಮಹಡಿಗೆ ಬಿಡು. ಒಬ್ಬನೇ ಇದೀನಿ. ನಿನ್ನನ್ನೂ ಸೇರಿಸಿ ಇಬ್ಬರು."

ಮಧ್ಯಾಹ್ನ ಕಳಿಸಿದ್ದಕ್ಕೆ ಐದು ಗಂಟೆಗೆ ಮರುತ್ತರ ಬಂತು. ಒಂದೇ ಸಾಲು. ತೆಗೆದುಕೊಂಡಿದ್ದೇನೆ, ಧನ್ಯವಾದ. ಕೆಳಗೆ ಇವರು ಕಳಿಸಿದ್ದ ಹೆಸರುಗಳ ಸಾಲುಗಳು. ಅಕ್ಕ ಅದನ್ನು ಮೊದಲು ಮನಸ್ಸಿನಲ್ಲಿ ಓದಿಕೊಂಡಳು, ಆಮೇಲೆ ರೂಢಿಯಂತೆ ಚುಕ್ಕೆ, ಅಲ್ಪವಿರಾಮಗಳ ಸಮೇತ ಗಟ್ಟಿಯಾಗಿ ಓದಿದಳು. ಭಾವನ ಹೆಸರಿನ ಸಾಲು ಬಂದಾಗ ಎರಡು ಸಲ ಓದಿದಳು. ಕರಡಪ್ಪ ಎರಡು ಸಲವೂ ಪೆನ್ಸಿಲು ಇಟ್ಟುಕೊಂಡು ಹೋದ. ತಪ್ಪಿರಲಿಲ್ಲ.

ಆಮೇಲೆ ಅವನು ಮೂರನೇ ಪುಟ ತೆಗೆದ. ಅಂಚಿನಲ್ಲಿ ತಾನೇ ಹಾಕಿದ್ದ ಪ್ರಶ್ನೆಯ ಗುರುತಿಗೆ, ಅಚ್ಚುಕೂಟದಲ್ಲಿ ಮಾಡುತ್ತಿದ್ದಂತೆ, ಸುತ್ತ ಒಂದು ಸೊನ್ನೆ ಎಳೆದು ಉತ್ತರ ಬಂದಿದೆ ಎಂದು ಬರೆದ. ಹಾಳೆಗಳನ್ನು ಜೋಡಿಸಿ ದಾರ ಕಟ್ಟಿದ. ಕಿಟಕಿಯಿಂದ ಬಿಸಿಲು ಮೇಜಿನ ಅಂಚಿಗೆ ಬಂದಿತ್ತು. ಆರು ಗಂಟೆಯ ಮಾತ್ರೆಯ ಹೊತ್ತಾಗುವವರೆಗೂ ಅಕ್ಕ ತಮ್ಮ ಹಾಗೇ ಕುಳಿತರು. ಹೊತ್ತಿಗೆ ಸರಿಯಾಗಿ ಡಬ್ಬಿ ಮಾತಾಡಿತು, ಪೂರ್ತಿ ಲೋಟ ನೀರು ಕುಡಿಯಲು ಹೇಳಿತು. ಅಕ್ಕ ಎದ್ದು ಒಂದು ಲೋಟ ನೀರು ಕುಡಿದಳು, ತಮ್ಮನಿಗೂ ಒಂದು ಕೊಟ್ಟಳು.

ಕರಡಪ್ಪ ಕುಡಿದು, ಲೋಟ ಕೆಳಗಿಟ್ಟು, ಕುಳಿತಲ್ಲೇ ಕೈ ಜೋಡಿಸಿದ.

"ದೇವರೇ, ನಮ್ಮ ಭಾವ ನಿನ್ನ ಹತ್ತಿರ ಬಂದು ಹತ್ತೊಂಬತ್ತು ದಿನವಾಯಿತು. ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದೆ, ಇನ್ನು ಅವರ ಮೇಲೆ ಸಿಟ್ಟಿಲ್ಲ ಎಂದು ಹೇಳು. ಅವರ ಒಂದು ಸಾಲು ತಿದ್ದಿದ್ದೇನೆ, ಅದನ್ನೂ ಹೇಳು, ನಗುತ್ತಾರೆ. ಯಾರ ಕಣ್ಣಿಗೂ ಬೀಳದವರನ್ನು ಲೆಕ್ಕಕ್ಕೆ ಹಿಡಿದ ಮನುಷ್ಯ ಅವರು. ನೀನೂ ಅವರನ್ನು ಕೈಬಿಡಬೇಡ. ಸರದಿಯಲ್ಲಿ ಕೂತು ದಣಿದಿದ್ದಾರೆ, ಒಳಗೆ ಕರೆದುಕೊಂಡು ಕೂರಿಸು. ಅವರ ಆತ್ಮಕ್ಕೆ ಶಾಂತಿ ಕೊಡು ತಂದೆ."